ಮಧುಮೇಹಕ್ಕೆ ಬೇರೆ ಒಲೆ ಬೇಡ



ಸಕ್ಕರೆ ಕಾಯಿಲೆ ಪಟ್ಟಣದವರದು, ಕುಳಿತು ಉಣ್ಣುವವರದು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಈ ಮಾತು ಈಗ ನಿಲ್ಲುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕಾಯಿಲೆ ಬಂದವರ ಪ್ರಮಾಣ ಪಟ್ಟಣಗಳಲ್ಲಿ ಹೆಚ್ಚು ಎಂಬುದು ನಿಜ. ಆದರೆ ಹೊಸ್ತಿಲಲ್ಲಿರುವವರ ಪ್ರಮಾಣ ಹಳ್ಳಿ ಪಟ್ಟಣಗಳಲ್ಲಿ ಹೆಚ್ಚುಕಡಿಮೆ ಸಮನಾಗಿದೆ. ನಾಳೆಯ ರೋಗಿಗಳು ನಮ್ಮ ನಡುವೆಯೇ ಇದ್ದಾರೆ ಎಂದು ಇದರ ಅರ್ಥ.

ವೈದ್ಯಕೀಯ ನನ್ನ ವೃತ್ತಿಯಲ್ಲ. ಬೇಸಾಯ ಶಾಸ್ತ್ರ ನನ್ನ ಕಸುಬು. ಗುಳಿಗೆ, ಇನ್ಸುಲಿನ್‌ಗಳ ವಿಚಾರ ವೈದ್ಯರಿಗೆ ಸೇರಿದ್ದು. ಆದರೆ ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಇನ್ನೆರಡು ಸಾಧನಗಳಾದ ಊಟ ಮತ್ತು ಮೈದುಡಿಮೆ ಹೊಲದೊಡನೆ ಬೆಸೆದುಕೊಂಡಿವೆ. ಆದುದರಿಂದ ಈ ಬಗ್ಗೆ ನಾಲ್ಕು ಮಾತು ಹೇಳುವುದು ಸೂಕ್ತವೆಂದು ಭಾವಿಸುತ್ತೇನೆ. ಇಲ್ಲಿ ಹೇಳುತ್ತಿರುವುದು ವಯಸ್ಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಮಧುಮೇಹವನ್ನು ಕುರಿತು. ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆ ಬೇರೆ.

ಪಥ್ಯ ಏಕೆ ನಿಲ್ಲುವುದಿಲ್ಲ?

ಬಿತ್ತನೆ, ಕಳೆ, ಕಟಾವು, ದನಕರು, ಹಾಲಿನ ಡೇರಿಯ ಹೊತ್ತು, ಮಕ್ಕಳ ಶಾಲೆ, ಇವೆಲ್ಲದರ ನಡುವೆ ನಮ್ಮ ಮನೆಗಳಲ್ಲಿ ಅಡುಗೆ ನಡೆಯುತ್ತದೆ. ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದೊಡನೆ ಅವರಿಗೆಂದು ಬೇರೆ ಅಡುಗೆ ಆರಂಭವಾಗುತ್ತದೆ. ಮನೆಮಂದಿಗೆಲ್ಲ ಮುದ್ದೆ, ರೋಗಿಗೆ ಚಪಾತಿ. ಹದಿನೈದು ದಿನ ಹೀಗೆ ನಡೆಯಬಹುದು. ನಾಟಿಯ ಕೆಲಸ ಬಂದೊಡನೆ ಎರಡನೆಯ ಅಡುಗೆ ನಿಂತುಹೋಗುತ್ತದೆ. ಅದರೊಡನೆ ಪಥ್ಯವೂ ನಿಲ್ಲುತ್ತದೆ. ಇದನ್ನು ರೋಗಿಯ ಚಪಲವೆಂದು ದೂರುವುದು ಸರಿಯಲ್ಲ. ಒಂದು ಕೈ ಎರಡು ಅಡುಗೆ ಮಾಡಬೇಕಾದ ವ್ಯವಸ್ಥೆಯೇ ತಪ್ಪು.

ಅಲ್ಲದೆ ಚಪಾತಿಯಲ್ಲಿ ಮದ್ದೇನೂ ಇಲ್ಲ. ಗೋಧಿ ಹಿಟ್ಟಿನಲ್ಲೂ ರಾಗಿ ಹಿಟ್ಟಿನಲ್ಲೂ ಇರುವ ಪಿಷ್ಟ ಹೆಚ್ಚುಕಡಿಮೆ ಒಂದೇ. ಚಪಾತಿ ತಿನ್ನುವವರು ಎರಡು, ಮೂರು ಎಂದು ಎಣಿಸುತ್ತಾರೆ. ಮುದ್ದೆಯ ಗಾತ್ರವನ್ನು ಯಾರೂ ಅಳೆಯುವುದಿಲ್ಲ. ಇರುವ ಲಾಭ ಆ ಎಣಿಕೆಯದು. ಆ ಎಣಿಕೆಯನ್ನು ಮುದ್ದೆಗೂ ತಂದರೆ ಬೇರೆ ಒಲೆಯ ಅವಶ್ಯಕತೆಯೇ ಬೀಳದು.

ರಾಗಿ ಒಳ್ಳೆಯದು, ಆದರೆ ಔಷಧಿಯಲ್ಲ

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಅಂದಿನಿಂದ ರಾಗಿ ತಿಂದರೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ಇನ್ನಷ್ಟು ಹಬ್ಬಿದೆ. ರಾಗಿ ಬೆಳೆಯುವ ನಾಡಿನಲ್ಲಿ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಆದರೆ ಪೂರ್ತಿ ನಿಜವಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಸುಣ್ಣದ ಅಂಶ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ ಮಾತ್ರ. ಸುಣ್ಣದ ಅಂಶ 10 ಮಿಲಿಗ್ರಾಂ ಕೂಡ ಇಲ್ಲ. ಈ ದೃಷ್ಟಿಯಿಂದ ರಾಗಿಯೇ ಮೇಲು. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವೂ ಇದೆ. ಪಿಷ್ಟ ಜೀರ್ಣವಾದ ಮೇಲೆ ಸಕ್ಕರೆಯಾಗಿಯೇ ರಕ್ತವನ್ನು ಸೇರುತ್ತದೆ. ಒಂದು ದೊಡ್ಡ ಮುದ್ದೆಗೆ 150 ಗ್ರಾಂ ಹಿಟ್ಟು ಬಿದ್ದರೆ ಅದರಲ್ಲಿ 100 ಗ್ರಾಂ ಪಿಷ್ಟವಾಯಿತು. ಎರಡು ಹೊತ್ತಿಗೆ ಅಂಥ ಎರಡು ಮುದ್ದೆ, ಅದರ ಮೇಲೆ ಅನ್ನ ಬೇರೆ!

2024ರಲ್ಲಿ ಇದೇ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ 2000 ಕಿಲೋಕ್ಯಾಲರಿಯ ಊಟಕ್ಕೆ ಹೇಳುವ ಲೆಕ್ಕ ಹೀಗಿದೆ: ಇಡೀ ದಿನಕ್ಕೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ. ನಮ್ಮ ತಟ್ಟೆಯನ್ನು ಇದರೊಡನೆ ಹೋಲಿಸಿ ನೋಡಿ. ಧಾನ್ಯ ಹೆಚ್ಚು, ಕಾಳು ಸೊಪ್ಪು ಕಡಿಮೆ. ಬೆಳೆಗೆ ಬರೀ ಯೂರಿಯಾ ಸುರಿದು ರಂಜಕ, ಪೊಟ್ಯಾಷ್‌ಗಳನ್ನು ಮರೆತಂತೆ ಇದು.

ಹಾಗಾದರೆ ಮಾಡಬೇಕಾದುದೇನು?

1. ಹಿಟ್ಟನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ, 75 ಗ್ರಾಂ ಹಿಡಿಯುವ ಒಂದು ಲೋಟವನ್ನು ಗುರುತಿಸಿಟ್ಟುಕೊಳ್ಳಿ. ಮಧುಮೇಹಿಗೆ ಒಂದು ಹೊತ್ತಿಗೆ ಆ ಒಂದು ಲೋಟ ಹಿಟ್ಟಿನ ಮುದ್ದೆ ಆರಂಭಕ್ಕೆ ತಕ್ಕ ಅಳತೆಯೆಂದು ನನ್ನ ಅಭಿಪ್ರಾಯ. ಹೆಚ್ಚುಕಡಿಮೆ ಮಾಡುವುದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸಲಿ.

2. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗ ಮುದ್ದೆ ಇಲ್ಲವೆ ಅನ್ನ. ಬಸ್ಸಾರು ಮಾಡಿದ ದಿನ ಕಾಳು ಸೊಪ್ಪಿನ ಪಲ್ಯವೇ ಮುಖ್ಯ ಊಟವಾಗಲಿ. ಮುದ್ದೆಯ ಮೇಲೆ ಅನ್ನ ಬೇಡ.

3. ಸಕ್ಕರೆಯ ಬದಲು ಬೆಲ್ಲ ಅಥವಾ ಜೇನು ಹಾಕಿದರೆ ತೊಂದರೆಯಿಲ್ಲವೆಂಬುದು ಭ್ರಮೆ. ಬೆಲ್ಲದ ಬಹುಪಾಲು ಸಕ್ಕರೆಯೇ. ನುಣ್ಣನೆಯ ಹಿಟ್ಟಿನ ಗಂಜಿಗೆ ಬೆಲ್ಲ ಬೆರೆಸಿ ಕುಡಿದರೆ ಸಕ್ಕರೆ ಇನ್ನೂ ಬೇಗ ಏರುತ್ತದೆ.

4. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಸ್ವಂತ ತೀರ್ಮಾನದಿಂದ ಔಷಧಿ ನಿಲ್ಲಿಸಕೂಡದು.

ಈ ಪಾತ್ರೆಯ ಅಡುಗೆಯನ್ನೇ ಮನೆಮಂದಿಯೆಲ್ಲ ಉಣ್ಣಬಹುದು. ಬೆಳೆಯುವ ಹುಡುಗರೂ ಗುದ್ದಲಿ ಹಿಡಿದು ದುಡಿಯುವವರೂ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಲಿ. ಅಡುಗೆ ಒಂದೇ, ಅಳತೆ ಮಾತ್ರ ಬೇರೆ. ಹೊಸ್ತಿಲಲ್ಲಿ ನಿಂತವರಿಗೆ ಇದರಿಂದ ಆಗುವ ಲಾಭ ದೊಡ್ಡದು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಸಂಭವ ಶೇಕಡಾ 28ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿ ತಗ್ಗಿದ್ದು ಶೇಕಡಾ 26ರಷ್ಟು.

ಹೊಲದ ಅಕ್ಕಡಿ, ತಟ್ಟೆಯ ಕಾಳು

ಕಾಳಿಗೆ ದುಡ್ಡೆಲ್ಲಿ ಎಂದು ತಾವು ಕೇಳಬಹುದು. ಹಿಂದೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ತಪ್ಪುತ್ತಿರಲಿಲ್ಲ. ಇಂದು ಅನೇಕ ಕಡೆ ಆ ಸಾಲುಗಳು ಮಾಯವಾಗಿವೆ. ಹೊಲದಲ್ಲಿ ಅಕ್ಕಡಿ ತಪ್ಪಿದ ಮನೆಯಲ್ಲಿ ಕಾಳು ಅಂಗಡಿಯ ಪದಾರ್ಥವಾಗುತ್ತದೆ, ತಟ್ಟೆಯಲ್ಲಿ ಕಡಿಮೆಯಾಗುತ್ತದೆ. ರಾಗಿಯ 8 ಸಾಲಿಗೆ ತೊಗರಿಯ 2 ಸಾಲು ಅಥವಾ ಅವರೆಯ 1 ಸಾಲು ಹಾಕುವುದು ಶಿಫಾರಸಾದ ಪದ್ಧತಿ. ಇದರಿಂದ ಭೂಮಿಗೂ ಸಾರಜನಕದ ಲಾಭವಿದೆ. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆ ಗಿಡ, ಎರಡು ಮಡಿ ದಂಟು ಇದ್ದರೆ ಸೊಪ್ಪಿಗಾಗಿ ಸಂತೆಯ ದಿನ ಕಾಯಬೇಕಾಗಿಲ್ಲ. ಮಾರುವ ಬೆಳೆಯ ಲೆಕ್ಕ ಹಾಕುವಾಗ ಉಣ್ಣುವ ಬೆಳೆಯ ಲೆಕ್ಕವೂ ಇರಲಿ.

ಗೇಯುವವರಿಗೂ ವ್ಯಾಯಾಮವೇ?

ದಿನವೆಲ್ಲ ಗೇಯುವ ನಮಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ಆದರೆ ಈಗ ಉಳುವುದು ಟ್ರ್ಯಾಕ್ಟರ್, ಕುಯ್ಯುವುದು ಯಂತ್ರ, ಹೊಲಕ್ಕೆ ಹೋಗುವುದು ಮೋಟಾರು ಬೈಕಿನಲ್ಲಿ. ದುಡಿಮೆ ಕೆಲವು ವಾರ ಬೆನ್ನು ಮುರಿಯುವಷ್ಟು, ಉಳಿದ ವಾರಗಳಲ್ಲಿ ಬಲು ಕಡಿಮೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆದರೆ ಆ ಪರಿಣಾಮ ಒಂದೆರಡು ದಿನ ಉಳಿದು ಕರಗಿಹೋಗುತ್ತದೆ. ಒಂದು ದೊಡ್ಡ ಮಳೆಯನ್ನು ನಂಬಿ ಬೆಳೆ ನಿಲ್ಲುವುದಿಲ್ಲ, ಹದವರಿತು ನೀರು ಸಿಗಬೇಕು. ಮೈದುಡಿಮೆಯೂ ಹಾಗೆಯೇ.

ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ಬಿರುಸಾಗಿ ನಡೆಯಬೇಕು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೂಡದು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು ಇನ್ನೂ ಸುಲಭ. ಹತ್ತಿರದ ಹೊಲಕ್ಕೆ ಬೈಕು ಬಿಟ್ಟು ನಡೆದೇ ಹೋಗಿ. ಆದರೆ ಬರಿಗಾಲು ಬೇಡ. ಮಧುಮೇಹದಲ್ಲಿ ಪಾದದ ಸ್ಪರ್ಶ ಮಂದವಾಗಬಹುದು, ಮುಳ್ಳು ಚುಚ್ಚಿದ್ದೂ ತಿಳಿಯದೆ ಹುಣ್ಣಾಗಬಹುದು. ರಾತ್ರಿ ಕಾಲು ತೊಳೆದು ಅಂಗಾಲನ್ನು ನೋಡಿಕೊಳ್ಳುವುದು ಅತ್ಯವಶ್ಯಕ.

ಕೊನೆಯಲ್ಲಿ ಉಣ್ಣುವವರು

ಇನ್ನೊಂದು ಮಾತು ಮನೆಯ ಯಜಮಾನರಿಗೆ. ಗಂಡಸಿಗೆ ಕಾಯಿಲೆ ಬಂದರೆ ಮನೆಯಾಕೆ ಪಥ್ಯ ನೋಡಿಕೊಳ್ಳುತ್ತಾಳೆ. ಅವಳಿಗೇ ಬಂದರೆ ನೋಡಿಕೊಳ್ಳುವವರು ಯಾರು? ಬೆಳಿಗ್ಗೆ ಗುಳಿಗೆ ನುಂಗಿ, ಹಾಲು ಕರೆದು, ಆಳುಗಳಿಗೆ ಬುತ್ತಿ ಕಟ್ಟಿ, ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ಮಧ್ಯಾಹ್ನ ಎರಡು ಗಂಟೆಗೆ ಉಣ್ಣುವುದು ನಮ್ಮ ಮನೆಗಳ ರೂಢಿ. ಇನ್ಸುಲಿನ್ ಮತ್ತು ಕೆಲವು ಬಗೆಯ ಗುಳಿಗೆಗಳು ಊಟಕ್ಕಾಗಿ ಕಾಯುವುದಿಲ್ಲ. ಹೊಟ್ಟೆ ಖಾಲಿಯಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಕೈನಡುಕ, ತಣ್ಣನೆಯ ಬೆವರು, ತಲೆಸುತ್ತು, ಮಾತು ತೊದಲುವುದು ಇದರ ಲಕ್ಷಣಗಳು. ಆಯಾಸವೆಂದು ಸುಮ್ಮನಿದ್ದರೆ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಅಪಾಯ ಬರಬಹುದು.

ಆಗ ತಡಮಾಡದೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೆ ಅಷ್ಟನ್ನೇ ಕೊಟ್ಟು, ಆಮೇಲೆ ಊಟ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಇಂಥ ಔಷಧಿ ತೆಗೆದುಕೊಳ್ಳುವವರು, ಗಂಡಸಾಗಲಿ ಹೆಂಗಸಾಗಲಿ, ಹೊಲಕ್ಕೆ ಹೋಗುವಾಗ ಸಕ್ಕರೆಯ ಪೊಟ್ಟಣವನ್ನು ಜೊತೆಗಿಟ್ಟುಕೊಳ್ಳಲಿ.

ಆದರೆ ಇದಕ್ಕಿಂತ ಮೇಲಾದ ಉಪಾಯ ಅವಳು ಹೊತ್ತಿಗೆ ಸರಿಯಾಗಿ ಉಣ್ಣುವಂತೆ ಮಾಡುವುದು. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಕುಲ ಕೆಡುವುದಿಲ್ಲ. ಬಡಿಸುವ ಸೌಟನ್ನು ಮಗನೋ ಗಂಡನೋ ಹಿಡಿದರೆ ಯಾರ ಘನತೆಯೂ ಕುಂದದು.

ಮೂವತ್ತು ದಾಟಿದ ಪ್ರತಿಯೊಬ್ಬರೂ, ಮುಖ್ಯವಾಗಿ ಹೆಂಗಸರು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ ಎಚ್ಚರಿಕೆ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾವು ತಮಗೆ ಹೇಳುತ್ತಲೇ ಬಂದಿದ್ದೇವೆ. ತಮ್ಮ ಮೈಯ ವಿಷಯದಲ್ಲೂ ಅದೇ ಮಾತು. ಈ ವಾರವೇ ಹಿಟ್ಟಿನ ಲೋಟವನ್ನು ಗುರುತು ಮಾಡಿ; ಮುಂದಿನ ಮುಂಗಾರಿಗೆ ಅಕ್ಕಡಿಯ ಬೀಜವನ್ನು ಈಗಲೇ ತೆಗೆದಿರಿಸಿ.