ಮೊದಲು ಟೇಪು, ಆಮೇಲೆ ಪ್ಲೇಟು

ಫ್ಲೋರಿಡಾದಲ್ಲಿ 14 ಅಡಿಯ ಪುಟ್ಟ ದೋಣಿ ಇಟ್ಟುಕೊಂಡಿರುವ ನಮ್ಮ ಸಾಫ್ಟ್‌ವೇರ್ ಗೆಳೆಯರಿಗೆ ಈಗ ಜಾಕ್ ಪ್ಲೇಟಿನ ಹುಚ್ಚು. ದೋಣಿಯ ಹಿಂಬದಿಯ ಗೋಡೆಗೂ (ಅದೇ ಟ್ರಾನ್ಸಮ್) ಔಟ್‌ಬೋರ್ಡ್ ಮೋಟರಿಗೂ ನಡುವೆ ಕೂರಿಸುವ ಲೋಹದ ಚೌಕಟ್ಟು ಅದು. ಮೋಟರನ್ನು ಮೇಲಕ್ಕೆತ್ತುತ್ತೆ, ಜೊತೆಗೆ ನಾಲ್ಕಾರು ಇಂಚು ಹಿಂದಕ್ಕೂ ತಳ್ಳುತ್ತೆ. ಹಾಕಿಸಿದ್ರೆ ಸ್ಪೀಡ್ ಜಾಸ್ತಿ, ಮೊಣಕಾಲುದ್ದ ನೀರಲ್ಲೂ ಓಡಿಸಬಹುದು ಅಂತ ಎಲ್ಲರದೂ ಒಂದೇ ಪಲ್ಲವಿ.

ನಾನು ಕೇಳೋದು ಒಂದೇ ಪ್ರಶ್ನೆ: ನಿಮ್ಮ ಟ್ರಾನ್ಸಮ್ ಎತ್ತರ ಎಷ್ಟು? ಯಾರೂ ಅಳೆದಿರಲ್ಲ!

ಶಾರ್ಟ್ ಶಾಫ್ಟ್ ಮೋಟರಿಗೆ ಸುಮಾರು 15 ಇಂಚಿನ ಟ್ರಾನ್ಸಮ್ ಬೇಕು, ಲಾಂಗ್ ಶಾಫ್ಟಿಗೆ 20. ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕ ಲಾಂಗ್ ಶಾಫ್ಟನ್ನು 15 ಇಂಚಿನ ದೋಣಿಗೆ ಕಟ್ಟಿದ್ದರೆ ಮೋಟರು 5 ಇಂಚು ಹೆಚ್ಚು ಮುಳುಗಿರುತ್ತೆ. ಆಗ ಪ್ಲೇಟ್ ಹಾಕಿ, ನನ್ನ ತಕರಾರಿಲ್ಲ. ಆದರೆ ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೇ ಇದ್ದರೆ? ಮೋಟರು ಹೆಚ್ಚುಕಡಿಮೆ ಸರಿಯಾಗೇ ಕೂತಿದೆ ಸ್ವಾಮಿ. ಅರ್ಧ ಇಂಚೋ ಒಂದಿಂಚೋ ಎತ್ತಬೇಕಂದ್ರೆ ಮೋಟರಿನ ಬ್ರಾಕೆಟ್ಟಿನಲ್ಲೇ ಮೇಲೆ-ಕೆಳಗೆ ತೂತುಗಳಿದ್ದರೆ ಅಷ್ಟೇ ಸಾಕು.

ವಿಪರೀತ ಎತ್ತಿದರೆ ಪ್ರೊಪೆಲ್ಲರ್ ಗಾಳಿ ಕಡೆಯುತ್ತೆ. ತಣ್ಣೀರು ಎಳೆಯುವ ಬಾಯಿ ನೀರಿನಿಂದ ಹೊರಬಂದರೆ ಪಂಪಿನ ಇಂಪೆಲ್ಲರ್ ಒಣಗಿ ಹಾಳಾಗುತ್ತೆ, ಇಂಜಿನ್ನೂ ಕಾಯುತ್ತೆ. ತೂಕದ ಕಥೆ ಇನ್ನೂ ಗಂಭೀರ. 20 ಎಚ್‌ಪಿಯ ಫೋರ್‌ಸ್ಟ್ರೋಕ್ ಅಂದರೆ ಸುಮಾರು 50 ಕಿಲೋ. ಅದನ್ನು ಹಿಂದಕ್ಕೆ ತಳ್ಳಿದಷ್ಟೂ ಟ್ರಾನ್ಸಮ್ ಮೇಲೆ ಸನ್ನೆಕೋಲಿನ ಹಾಗೆ ಎಳೆತ ಹೆಚ್ಚುತ್ತೆ, ದೋಣಿಯ ಹಿಂಭಾಗ ತಗ್ಗುತ್ತೆ. ಒಳಗಿನ ಪ್ಲೈವುಡ್ ಕೊಳೆತಿದ್ದರೆ ಒಂದು ದಿನ ಮೋಟರೇ ಕಿತ್ತು ಬರಬಹುದು. ಕೊಳೆಯದಿದ್ದರೂ ಹಿಂದಿನಿಂದ ಬಂದ ಅಲೆ ಸಲೀಸಾಗಿ ಒಳಗೆ ಬರುತ್ತೆ. ದೋಣಿಯಲ್ಲಿ ಕೂತಿರೋದು ನಿಮ್ಮ ಮಕ್ಕಳು ಅನ್ನೋದು ನೆನಪಿರಲಿ.

"ನೀರು ಕಮ್ಮಿ ಇರೋ ಕಡೆ ಹೋಗ್ಬೇಕಲ್ಲ?" ಅಂತೀರಿ. ಓಡುವಾಗ ದೋಣಿ ಮೇಲೇಳುತ್ತೆ ನಿಜ, ಆದರೆ ಹೊರಡುವಾಗ ಹಿಂಭಾಗ ಕುಸಿದು ಪ್ರೊಪೆಲ್ಲರ್ ತಳ ಕೆರೆಯುತ್ತೆ. ಹಾಗೆ ಕಿತ್ತುಹೋದ ಸಮುದ್ರಹುಲ್ಲು ಮತ್ತೆ ಬೆಳೆಯೋಕೆ ವರ್ಷಗಳೇ ಬೇಕು. ಫ್ಲೋರಿಡಾದ ಸಂರಕ್ಷಿತ ಜಲಪ್ರದೇಶಗಳಲ್ಲಿ ಅದಕ್ಕೆ ದಂಡವೂ ಇದೆ.

ಮನೆಯಲ್ಲೇ ಮಾಡ್ಕೋತೀನಿ ಅನ್ನುವವರ ಮೇಲೆ ನನಗೆ ಗೌರವ ಜಾಸ್ತಿ. ದಪ್ಪನೆಯ 6061 ಅಲ್ಯೂಮಿನಿಯಂ ಆಂಗಲ್, ಸ್ಟೇನ್‌ಲೆಸ್ ಬೋಲ್ಟು, ಸಡಿಲವಾಗದ ನೈಲಾನ್ ನಟ್ಟು, ಒಳಬದಿಗೆ ಅಗಲವಾದ ಬ್ಯಾಕಿಂಗ್ ಪ್ಲೇಟು, ಪ್ರತಿ ತೂತಿಗೂ ಮರೈನ್ ಸೀಲಂಟ್. ಇಷ್ಟರಲ್ಲಿ ಒಂದನ್ನೂ ಬಿಡಬೇಡಿ. ಚಿಕ್ಕ ಮೋಟರಿಗೆ ಬಟನ್ ಒತ್ತಿದರೆ ಏಳುವ ಹೈಡ್ರಾಲಿಕ್ ಪ್ಲೇಟು ಮಾತ್ರ ಶುದ್ಧ ಶೋಕಿ. ಅದರ ಪಂಪಿನ ತೂಕವನ್ನೂ ನಿಮ್ಮ ದೋಣಿಯೇ ಹೊರಬೇಕು.

ಟೇಪಿಗೆ ಹತ್ತು ಡಾಲರೂ ಆಗಲ್ಲ. ಕಾರ್ಟಿಗೆ ಪ್ಲೇಟ್ ಹಾಕೋ ಮುಂಚೆ ಈ ಶನಿವಾರ ಹೋಗಿ ಅಳೀರಿ. ಟ್ರಾನ್ಸಮ್ಮನ್ನ ಒಂದ್ಸಲ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ದುಡ್ಡು ಖರ್ಚಾಗಬೇಕಾದ್ದು ಅಲ್ಲಿ.