ಗೆರೆಯ ಗೊಂಬೆಗೆ ಸುರಿದ ಕಣ್ಣೀರು

ನಾಟಕವನ್ನು ನೋಡಿ ಅತ್ತವನನ್ನು ಲೋಕವು ಸಹೃದಯನೆಂದು ಕರೆಯುತ್ತದೆ. ಪುರಾಣವನ್ನು ಕೇಳುತ್ತ ಕಣ್ಣೊರೆಸಿಕೊಂಡವನನ್ನು ಭಾವುಕನೆಂದು ಗೌರವಿಸುತ್ತದೆ. ಆದರೆ ಕಾರ್ಟೂನ್ ಚಿತ್ರವೊಂದನ್ನು ನೋಡಿ ಅತ್ತುದಾಗಿ ನಡುವಯಸ್ಸಿನ ಗೃಹಸ್ಥನೊಬ್ಬನು ಹೇಳಿಕೊಂಡರೆ ಸುತ್ತ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಗುತ್ತಾರೆ. ಬಣ್ಣ ಬಳಿದ ಗೆರೆಗಳಿಗೆ ಪ್ರಾಣವೆಲ್ಲಿಯದು, ನೋವೆಲ್ಲಿಯದು, ಅವುಗಳಿಗಾಗಿ ಅಳುವುದು ಎಳೆತನವಲ್ಲವೆ ಎಂಬುದು ಆ ನಗೆಯ ಹಿಂದಿರುವ ವಾದ. ಮೇಲುನೋಟಕ್ಕೆ ಸಮಂಜಸವೆನಿಸಿದರೂ ಈ ವಾದವು ವಿಚಾರದ ಮುಂದೆ ನಿಲ್ಲಲಾರದು. ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿಯು ಗೋಳಿಡುವ ಭಾಗವನ್ನು ಗಮಕಿಯು ಓದುವಾಗ ಸೆರಗನ್ನು ಕಣ್ಣಿಗೊತ್ತಿಕೊಳ್ಳದ ಹೆಣ್ಣುಮಕ್ಕಳಿಲ್ಲ, ಸುಮ್ಮನೆ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳದ ಗಂಡಸರಿಲ್ಲ. ಅಲ್ಲಿರುವುದೂ ರಕ್ತಮಾಂಸದ ಮಗುವಲ್ಲ. ಓಲೆಗರಿಯ ಮೇಲಿನ ಅಕ್ಷರ. ಅಕ್ಷರಕ್ಕೆ ಅಳಬಹುದು, ಗೆರೆಗೆ ಅಳಬಾರದು ಎಂಬ ಶಾಸ್ತ್ರವನ್ನು ಯಾವ ಲಾಕ್ಷಣಿಕನೂ ಬರೆದಂತಿಲ್ಲ.

ಈ ಸಂಶಯ ಹೊಸತೇನೂ ಅಲ್ಲ. ಅಮೆರಿಕದ ವಾಲ್ಟ್ ಡಿಸ್ನಿಯವರು ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರವೊಂದನ್ನು ತೆಗೆಯಲು ಹೊರಟಾಗ ಅದನ್ನು ಚಿತ್ರೋದ್ಯಮದವರು ಡಿಸ್ನಿಯ ಹುಚ್ಚುತನವೆಂದೇ ಕರೆದರು. ಮುಖ್ಯ ಚಿತ್ರಕ್ಕೆ ಮುನ್ನ ಏಳೆಂಟು ನಿಮಿಷ ನಗಿಸಿ ಮರೆಯಾಗುವ ಗೊಂಬೆಗಳನ್ನು ಒಂದೂಕಾಲು ಗಂಟೆಗೂ ಮಿಕ್ಕು ಯಾರು ನೋಡಿಯಾರು? ನಗಿಸುವ ಗೆರೆ ಅಳಿಸಬಲ್ಲುದೆ? ೧೯೩೭ರ ಡಿಸೆಂಬರ್ ೨೧ರಂದು ಲಾಸ್ ಏಂಜಲಿಸ್‌ನ ಕಾರ್ಥೆ ಸರ್ಕಲ್ ಚಿತ್ರಮಂದಿರದಲ್ಲಿ 'ಸ್ನೋ ವೈಟ್' ಪ್ರಥಮ ಪ್ರದರ್ಶನ ಕಂಡಿತು. ನಿಶ್ಚೇಷ್ಟಿತಳಾದ ರಾಜಕುಮಾರಿಯ ಸುತ್ತ ಏಳು ಮಂದಿ ಕುಳ್ಳರು ಮೌನವಾಗಿ ಕಣ್ಣೀರಿಡುವ ದೃಶ್ಯಕ್ಕೆ ಹಾಲಿವುಡ್ಡಿನ ಹೆಸರಾಂತ ನಟನಟಿಯರೇ ಅತ್ತರು. ಅಳಿಸುವ ವಿದ್ಯೆಯನ್ನೇ ವೃತ್ತಿಯಾಗಿ ಬಲ್ಲವರನ್ನು ಅಳಿಸಿದ ಮೇಲೆ ಆ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ೧೯೪೧ರ 'ಡಂಬೊ' ಚಿತ್ರದಲ್ಲಿ ಬಂಡಿಯೊಳಗೆ ಕಟ್ಟಿಹಾಕಿದ ತಾಯಾನೆಯು ಕಂಬಿಗಳ ನಡುವಿನಿಂದ ಸೊಂಡಿಲು ಚಾಚಿ ಮರಿಯನ್ನು ತೂಗುತ್ತದೆ. ಆ ಮರಿಯನ್ನು ಬರೆದ ಬಿಲ್ ಟೈಟ್ಲಾ ಅವರು ತಮ್ಮ ಎರಡು ವರ್ಷದ ಮಗನ ಚರ್ಯೆಗಳನ್ನೇ ಗೆರೆಗಿಳಿಸಿದರು. ೧೯೪೨ರ 'ಬ್ಯಾಂಬಿ'ಯಲ್ಲಿ ತಾಯಿಜಿಂಕೆ ಸಾಯುವುದನ್ನು ತೋರಿಸುವುದೇ ಇಲ್ಲ. ಗುಂಡಿನ ಸದ್ದೊಂದು ಕೇಳುತ್ತದೆ, ಅಷ್ಟೆ. ಉಳಿದುದನ್ನು ಪ್ರೇಕ್ಷಕನೇ ತುಂಬಿಕೊಳ್ಳಬೇಕು.

ಹೀಗೆ ಪ್ರೇಕ್ಷಕನೇ ತುಂಬಿಕೊಳ್ಳಬೇಕಾದ ಎಡೆಗಳು ಗೆರೆಯ ಚಿತ್ರದಲ್ಲಿ ಹೆಚ್ಚು. ನಟಿಯೊಬ್ಬಳು ಅತ್ತಾಗ ಅವಳು ಅತ್ತದ್ದನ್ನು ಪ್ರೇಕ್ಷಕನು ಕಾಣುತ್ತಾನೆ. ಅವಳ ಅಭಿನಯವನ್ನು ಮೆಚ್ಚುವ ಒಂದು ಅವಕಾಶವೂ ಅವನಿಗಿರುತ್ತದೆ. ಎರಡು ಚುಕ್ಕೆಯ ಕಣ್ಣು, ಒಂದು ಗೆರೆಯ ಬಾಯಿ ಉಳ್ಳ ಮುಖಕ್ಕೆ ದುಃಖವನ್ನು ಕೊಡುವವನು ಪ್ರೇಕ್ಷಕನೇ. ತನ್ನ ಮನೆಯ ಮಗುವಿನ ಮುಖವನ್ನು ಅವನು ಅರಿವಿಲ್ಲದೆಯೇ ಅಲ್ಲಿಗೆ ತಂದಿಡುತ್ತಾನೆ. ಇದಕ್ಕೆ ಜಪಾನಿನ ಚಿತ್ರವೊಂದರಷ್ಟು ಬಲವಾದ ನಿದರ್ಶನ ಮತ್ತೊಂದಿಲ್ಲ.

ಆ ಚಿತ್ರದ ಹೆಸರು 'ಹೋತರು ನೊ ಹಾಕ', ಎಂದರೆ 'ಮಿಂಚುಹುಳುಗಳ ಸಮಾಧಿ'. ಇಸಾವೊ ತಕಹತ ಅವರ ನಿರ್ದೇಶನದಲ್ಲಿ ಘಿಬ್ಲಿ ಸಂಸ್ಥೆಯು ನಿರ್ಮಿಸಿದ ಈ ಚಿತ್ರ ೧೯೮೮ರ ಏಪ್ರಿಲ್ ೧೬ರಂದು ತೆರೆ ಕಂಡಿತು. ಅದೇ ಟಿಕೆಟ್ಟಿಗೆ ಜೊತೆಯಲ್ಲಿ ತೋರಿಸಿದ ಇನ್ನೊಂದು ಚಿತ್ರ 'ನನ್ನ ನೆರೆಯ ತೊತೊರೊ' ಎಂಬ ಮಕ್ಕಳ ನಲಿವಿನ ಕಥೆ. ಮಕ್ಕಳನ್ನು ನಗಿಸಲೆಂದು ಕರೆತಂದ ತಾಯಂದಿರ ಗತಿಯೇನಾಯಿತೋ! ಮೂಲ ಕಥೆ ಅಕಿಯುಕಿ ನೊಸಾಕ ಅವರದು, ೧೯೬೭ರಲ್ಲಿ ಪ್ರಕಟವಾದುದು. ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ. ಮಿಂಚುಹುಳುವನ್ನು ಸೂಚಿಸುವ ವಾಡಿಕೆಯ ಲಿಪಿಚಿಹ್ನೆಯನ್ನು ಬಿಟ್ಟು, 'ಇಳಿಬೀಳುವ ಬೆಂಕಿ' ಎಂದು ಅರ್ಥವಾಗುವ ಚಿಹ್ನೆಗಳಲ್ಲಿ ಆ ಪದವನ್ನು ಬರೆಯಲಾಗಿದೆ. ೧೯೪೫ರ ಮಾರ್ಚ್ ೧೭ರಂದು, ಮತ್ತೆ ಜೂನ್ ೫ರಂದು ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಬಾಂಬುಗಳನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಥೆ ಸರಳವಾದುದು. ಹದಿನಾಲ್ಕು ವರ್ಷದ ಸೇಟ, ಅವನ ನಾಲ್ಕು ವರ್ಷದ ತಂಗಿ ಸೆತ್ಸುಕೊ. ತಂದೆ ನೌಕಾದಳದಲ್ಲಿ. ಬಾಂಬಿನ ಬೆಂಕಿಯಲ್ಲಿ ಬೆಂದ ತಾಯಿಯು ಪರಿಹಾರಕೇಂದ್ರವಾಗಿ ಮಾರ್ಪಟ್ಟ ಶಾಲೆಯೊಂದರಲ್ಲಿ ಸಾಯುತ್ತಾಳೆ. ಅಣ್ಣ ಆ ಸಂಗತಿಯನ್ನು ತಂಗಿಯಿಂದ ಮುಚ್ಚಿಡುತ್ತಾನೆ. ದೂರದ ಸಂಬಂಧದ ಚಿಕ್ಕಮ್ಮನ ಮನೆಯಲ್ಲಿ ಕೆಲವು ಕಾಲ ಇದ್ದು, ಅವಳ ಚುಚ್ಚುಮಾತು ತಾಳಲಾರದೆ ಕೊಳದ ದಂಡೆಯ ಪಾಳು ಬಾಂಬುಗವಿಯನ್ನು ಇಬ್ಬರೂ ಸೇರುತ್ತಾರೆ. ಮುಂದೆ ಹಸಿವು. ಮುಂದೆ ಸಾವು. ಇದನ್ನು ಮೊದಲೇ ಹೇಳಿಬಿಟ್ಟರೆ ಕಥೆಯ ಸ್ವಾರಸ್ಯ ಕೆಡುವುದೆಂಬ ಅಂಜಿಕೆ ಬೇಡ. ಚಿತ್ರದ ಮೊದಲ ನಿಮಿಷಗಳಲ್ಲಿಯೇ ಸನ್ನೊಮಿಯ ರೈಲುನಿಲ್ದಾಣದ ಕಂಬಕ್ಕೊರಗಿ ಸೇಟ ಪ್ರಾಣ ಬಿಡುತ್ತಾನೆ. ಅವನ ಬಳಿಯಿದ್ದ ಪೆಪ್ಪರಮೆಂಟಿನ ತಗಡಿನ ಡಬ್ಬಿಯನ್ನು ನಿಲ್ದಾಣದ ನೌಕರನು ಕತ್ತಲೆಗೆ ಎಸೆದಾಗ ಅದರಿಂದ ಚೂರು ಎಲುಬುಗಳು ಚೆಲ್ಲುತ್ತವೆ. ಆ ಎಲುಬು ಯಾರದೆಂದು ಪ್ರೇಕ್ಷಕನಿಗೆ ತಿಳಿಯಲು ತಡವಾಗುವುದಿಲ್ಲ. ಮುಂದೇನಾಗುವುದೋ ಎಂಬ ಕುತೂಹಲವನ್ನು ಕಿತ್ತುಕೊಂಡು, ಆಗಲಿರುವುದನ್ನು ಬಲ್ಲವನ ಸಂಕಟವನ್ನು ಮಾತ್ರ ನಿರ್ದೇಶಕರು ಅವನ ಕೈಗಿಡುತ್ತಾರೆ.

ಪ್ರೇಕ್ಷಕರ ಕಣ್ಣೀರು ಒಡೆಯುವುದು ಸಾವಿನ ಗಳಿಗೆಯಲ್ಲಲ್ಲ ಎಂಬುದು ಗಮನಿಸತಕ್ಕ ವಿಷಯ. ಗವಿಯ ಕತ್ತಲೆಗೆ ಬೆಳಕಾಗಲೆಂದು ಸೊಳ್ಳೆಪರದೆಯೊಳಗೆ ಬಿಟ್ಟ ಮಿಂಚುಹುಳುಗಳೆಲ್ಲ ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ. ಸೆತ್ಸುಕೊ ಅವುಗಳಿಗೆ ಕುಳಿ ತೋಡುತ್ತಾಳೆ. ತೋಡುತ್ತಲೇ, ಅಮ್ಮನೂ ಮಣ್ಣಿನಲ್ಲಿದ್ದಾಳೆಂದು ಚಿಕ್ಕಮ್ಮ ಹೇಳಿದುದನ್ನು ತಿಳಿಸುತ್ತಾಳೆ. ಅಷ್ಟು ದಿನ ಅಣ್ಣನು ಅವಳಿಂದ ಬಚ್ಚಿಟ್ಟುದನ್ನು ಅವಳೇ ಅಣ್ಣನಿಂದ ಬಚ್ಚಿಟ್ಟಿದ್ದಳು! ಪೆಪ್ಪರಮೆಂಟು ತೀರಿದ ಡಬ್ಬಿಗೆ ನೀರು ಹಾಕಿ ಅಲುಗಿಸಿ ಕುಡಿಯುವುದು, ಕೊನೆಯ ದಿನಗಳ ಭ್ರಮೆಯಲ್ಲಿ ಮಣ್ಣುಂಡೆಯನ್ನು ಅನ್ನದುಂಡೆಯೆಂದು ಅಣ್ಣನಿಗೆ ನೀಡುವುದು, ಇಂತಹ ಎಡೆಗಳಲ್ಲಿ ಕಲ್ಲೆದೆಯವನೂ ತತ್ತರಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾದುದು ಅವಳು ತೀರಿಕೊಂಡ ಬಳಿಕ ಬರುವ ಭಾಗ. ಅಣ್ಣನಿಲ್ಲದ ಹೊತ್ತಿನಲ್ಲಿ ಮಗುವು ಕೊಳದ ಬಳಿ ಒಬ್ಬಳೇ ಹೇಗೆ ಆಡುತ್ತಿದ್ದಳೆಂಬುದು ಹಿಂದಿನ ನೆನಪಿನಂತೆ ಸುಳಿದುಹೋಗುತ್ತದೆ. ಅಲ್ಲಿ ಅಳುವಿಲ್ಲ, ಮಾತಿಲ್ಲ, ಬರಿಯ ಆಟ. ಶವದ ಮುಂದೆ ಬಿಗಿಹಿಡಿದು ಕುಳಿತವರು ಈ ಆಟದ ಮುಂದೆ ಸೋಲುತ್ತಾರೆ.

ಈ ಪರಿಣಾಮ ಅಕಸ್ಮಾತ್ತಾಗಿ ಬಂದುದಲ್ಲ. ಸೆತ್ಸುಕೊವಿಗೆ ದನಿ ಕೊಟ್ಟವಳು ವಯಸ್ಕ ನಟಿಯಲ್ಲ, ಐದು ವರ್ಷದ ಆಸುಪಾಸಿನ ಮಗು. ಅವಳ ಮಾತನ್ನು ಮೊದಲು ಮುದ್ರಿಸಿಕೊಂಡು ಅದಕ್ಕೆ ತಕ್ಕಂತೆ ತುಟಿಯ ಗೆರೆಗಳನ್ನು ಬರೆದರು. ಆಕೃತಿಗಳ ಅಂಚಿಗೆ ವಾಡಿಕೆಯ ಕಪ್ಪಿಗೆ ಬದಲಾಗಿ ಬಹುಮಟ್ಟಿಗೆ ಕಂದುಬಣ್ಣವನ್ನು ಬಳಸಿ ಮೃದುವಾಗಿಸಿದರು. ತಕಹತರು ತಾವೇ ೧೯೪೫ರ ಜೂನ್ ೨೯ರಂದು, ಒಂಬತ್ತು ವರ್ಷದ ಬಾಲಕನಾಗಿ, ಅಕ್ಕನೊಡನೆ ಒಕಯಾಮ ನಗರದ ಬೆಂಕಿಮಳೆಯಿಂದ ಓಡಿ ಬದುಕಿದವರು. ಇದೇ ಕಥೆಯನ್ನು ೨೦೦೫ರಲ್ಲಿ ದೂರದರ್ಶನಕ್ಕೂ ೨೦೦೮ರಲ್ಲಿ ಚಿತ್ರಮಂದಿರಕ್ಕೂ ನಟರನ್ನಿಟ್ಟು ತೆಗೆದರು. ಆದರೂ ಲೋಕವು ಇಂದಿಗೂ ನೆನೆದು ಅಳುತ್ತಿರುವುದು ಗೆರೆಯ ಸೆತ್ಸುಕೊಗಾಗಿಯೇ.

ಇನ್ನು ನೊಸಾಕರ ಸಂಗತಿ. ಅವರೂ ೧೯೪೫ರಲ್ಲಿ ಹದಿನಾಲ್ಕರ ಹುಡುಗ. ಕೋಬೆಯಲ್ಲಿ ಮನೆ ಕಳೆದುಕೊಂಡು, ಒಂದೂವರೆ ವರ್ಷವೂ ತುಂಬದ ಸಾಕುತಂಗಿಯೊಬ್ಬಳನ್ನು ಎತ್ತಿಕೊಂಡು ಅಲೆದವರು. ಆ ಕೂಸು ಆಹಾರವಿಲ್ಲದೆ ಸತ್ತಿತು. ಅವಳ ಪಾಲಿನ ಅನ್ನವನ್ನು ತಾವೇ ತಿಂದುದುಂಟೆಂದೂ, ಕಥೆಯ ಅಣ್ಣನಷ್ಟು ಒಳ್ಳೆಯವರು ತಾವಾಗಿರಲಿಲ್ಲವೆಂದೂ ಅವರು ಮುಂದೆ ಮರೆಮಾಚದೆ ಒಪ್ಪಿಕೊಂಡರು. ಕಥೆಯೊಳಗಿನ ಹುಡುಗ ಸತ್ತ. ಕಥೆ ಬರೆದ ಹುಡುಗ ೨೦೧೫ರವರೆಗೆ ಬದುಕಿದ. ತಾನು ಆಗಬೇಕಾಗಿದ್ದ, ಆಗದೆ ಹೋದ ಅಣ್ಣನೊಬ್ಬನನ್ನು ಅವರು ಕಾಗದದ ಮೇಲೆ ಸೃಷ್ಟಿಸಿದರು. ಇದನ್ನರಿತು ಚಿತ್ರವನ್ನು ನೋಡಿದವನಿಗೆ ಕಣ್ಣೀರು ಹಿಂದಿನಷ್ಟು ಸುಲಭವಾಗಿ ಬರದು, ಬಂದರೂ ಅದರ ರುಚಿ ಬೇರೆ.

ಕರುಣರಸವೆಂದರೆ ಕೆಲವರು ಅಳುವಿನ ಸುಖವೆಂದೇ ತಿಳಿದಿದ್ದಾರೆ. ಅತ್ತು ಹಗುರಾಗಿ ಮನೆಗೆ ಹೋಗುವ ಸುಖ. ಈ ಚಿತ್ರವು ಹಾಗೆ ಹಗುರಾಗಗೊಡದಿರುವುದೇ ಅದರ ಹಿರಿಮೆ. ಎಳೆಯ ವಯಸ್ಸಿನಲ್ಲಿ ನೋಡಿದವರು ಚಿಕ್ಕಮ್ಮನನ್ನು ಶಪಿಸುತ್ತಾರೆ: ಸತ್ತ ತಾಯಿಯ ಕಿಮೋನೊಗಳನ್ನು ಅಕ್ಕಿಗೆ ಮಾರಿಸಿ, ದುಡಿಯುವ ತನ್ನ ಮನೆಯವರಿಗೆ ಅನ್ನವನ್ನೂ ಈ ಅನಾಥರಿಗೆ ತೆಳುಗಂಜಿಯನ್ನೂ ಬಡಿಸಿದವಳಲ್ಲವೆ? ಸಂಸಾರ ಹೂಡಿ, ತಿಂಗಳ ಕೊನೆಯ ಅಕ್ಕಿಡಬ್ಬವನ್ನು ಕಂಡವರು ಮತ್ತೊಮ್ಮೆ ನೋಡಿದಾಗ ಅವಳ ಕಷ್ಟವೂ ಕಾಣತೊಡಗುತ್ತದೆ. ಜೊತೆಗೆ ಸೇಟನ ಹಮ್ಮೂ ಕಾಣುತ್ತದೆ. ಬ್ಯಾಂಕಿನಲ್ಲಿ ತಾಯಿಯ ಹಣವಿತ್ತು. ತಗ್ಗಿ ಹಿಂದಿರುಗಿ ಹೋಗಲು ಮನೆಯೂ ಇತ್ತು. ಹೋಗಲಿಲ್ಲ. ಒಲ್ಲದ ಸಂಬಂಧವನ್ನು ಸಹಿಸಲಾರದೆ ತಮ್ಮದೇ ಗೂಡಿಗೆ ಸರಿದುಬಿಡುವ ತಮ್ಮ ಕಾಲದ ಯುವಕರ ಛಾಯೆಯನ್ನು ತಕಹತರು ಈ ಹುಡುಗನಲ್ಲಿ ಕಂಡಿದ್ದರು. ಹಾಗೆಂದು ಹದಿನಾಲ್ಕರ ಬಾಲಕನ ಮೇಲೆ ಹೊರೆ ಹೊರಿಸಿ ಹಿರಿಯರು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಯಾರ ತಪ್ಪೆಂಬ ಪ್ರಶ್ನೆಗೆ ಚಿತ್ರವು ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನು ಬಿಡುವುದೂ ಇಲ್ಲ. ಇದನ್ನು ಯುದ್ಧವಿರೋಧಿ ಚಿತ್ರವೆಂದು ಹೊಗಳಿದವರೊಡನೆ ನಿರ್ದೇಶಕರು ಒಪ್ಪಲಿಲ್ಲ. ಇಂತಹ ದುಃಖದ ಚಿತ್ರಗಳಿಂದ ಯುದ್ಧವು ನಿಲ್ಲುವುದೆಂಬ ಭ್ರಮೆ ಅವರಿಗಿರಲಿಲ್ಲ.

ಜಪಾನಿನ ದೂರದರ್ಶನದಲ್ಲಿ ಹಲವು ವರ್ಷ ಆಗಸ್ಟ್ ತಿಂಗಳು ಬಂದಾಗ ಈ ಚಿತ್ರವನ್ನು ತೋರಿಸುತ್ತಿದ್ದರು. ಮನೆಮಂದಿಯೆಲ್ಲ ಕೂಡಿ ನೋಡುತ್ತಿದ್ದರು. ವಿದ್ಯಾರ್ಥಿಗಳಿಗೆ ಇದನ್ನು ತೋರಿಸಬಯಸುವ ಉಪಾಧ್ಯಾಯರು ಆ ಪದ್ಧತಿಯನ್ನು ಗಮನಿಸಬೇಕು. ತೀರ ಎಳೆಯ ಮಕ್ಕಳಿಗೆ ಇದು ಸಲ್ಲದು. ಪ್ರೌಢ ತರಗತಿಯವರಿಗೆ ಸಲ್ಲುತ್ತದೆ, ಉಪಾಧ್ಯಾಯರೂ ಜೊತೆಯಲ್ಲಿ ಕುಳಿತಿದ್ದರೆ. ದೀಪ ಹೊತ್ತಿದೊಡನೆ 'ಎಲ್ಲ ಬರಿಯ ಚಿತ್ರ, ಅಳಬೇಡಿ' ಎಂದು ಎಬ್ಬಿಸುವುದು ಮಹಾಪರಾಧ. ಅಳುತ್ತಿರುವ ಹುಡುಗನನ್ನು 'ಗಂಡುಮಗ ಅಳುವುದೆ?' ಎಂದು ಕೆಣಕುವುದು ಅದಕ್ಕಿಂತ ದೊಡ್ಡದು. ಅತ್ತ ಕಣ್ಣು ಉಪಾಧ್ಯಾಯರದೂ ಆಗಿದ್ದಲ್ಲಿ ಅದನ್ನು ಬಚ್ಚಿಡುವ ಅಗತ್ಯವಿಲ್ಲ. ಕೆಲವು ಹೊತ್ತು ಸುಮ್ಮನಿದ್ದು, ಚಿಕ್ಕಮ್ಮನು ಮಾಡಿದುದು ಸರಿಯೆ ಎಂದು ಒಬ್ಬ ಹುಡುಗ ತಾನಾಗಿ ಕೇಳುವವರೆಗೆ ಕಾಯಬಹುದು.

ಚಿತ್ರದ ಕೊನೆಯಲ್ಲಿ ಅಣ್ಣತಂಗಿಯರ ಆತ್ಮಗಳು ಗುಡ್ಡದ ಮೇಲಿನ ಬೆಂಚೊಂದರಲ್ಲಿ ಕುಳಿತಿವೆ. ತಂಗಿ ಅಣ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಸುತ್ತ ಮಿಂಚುಹುಳುಗಳು ಹಾರಾಡುತ್ತಿವೆ. ಕೆಳಗೆ ಕಾಣುವುದು ಸುಟ್ಟ ಕೋಬೆಯಲ್ಲ. ಎತ್ತರದ ಕಟ್ಟಡಗಳ, ಉರಿಯುವ ವಿದ್ಯುದ್ದೀಪಗಳ ಇಂದಿನ ನಗರ.