ಪಂಚಮಿ, ಹೊಳಿ ಮತ್ತು ಒಂದು ಬ್ರಿಜ್

ಪಂಚಮಿ ಹತ್ತಿರ ಬಂತಂದ್ರೆ ಸಿಂಧನೂರಿನ ನಮ್ಮ ಮನೆಯಲ್ಲಿ ಅವ್ವನಿಗೆ ಎರಡು ಕೆಲಸ. ಒಂದು, ಉಂಡಿಗೆ ಶೇಂಗಾ, ಎಳ್ಳು ಹುರಿಯೋದು. ಇನ್ನೊಂದು, ಲಿಂಗಸುಗೂರು ತಾಲ್ಲೂಕಿನ ಹೊಳಿ ದಂಡೆಯ ಊರಿಗೆ ಕೊಟ್ಟ ನಮ್ಮಕ್ಕನಿಗೆ ಫೋನ್ ಮಾಡೋದು.

“ಯವ್ವಾ, ಹೊಳಿ ಹೆಂಗೈತಿ? ಬ್ರಿಜ್ ಕಾಣ್ತೈತೇನು?”

ಅವ್ವ ಕೇಳೋದು ಶೀಲಹಳ್ಳಿ ಸೇತುವೆ ಬಗ್ಗೆ. ನಮ್ಮಲ್ಲಿ ಒಂದು ಹನಿ ಮಳೆ ಇರಲಿಕ್ಕಿಲ್ಲ. ಆದರೆ ಮಹಾರಾಷ್ಟ್ರದ ಘಟ್ಟದಲ್ಲಿ ಹೊಡೆದರೆ ಆಲಮಟ್ಟಿ ತುಂಬುತ್ತದೆ, ಆ ನೀರು ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ, ಅಲ್ಲಿ ಗೇಟ್ ಎತ್ತುತ್ತಾರೆ. ತಗ್ಗಿನ ಸೇತುವೆ ಮುಳುಗುತ್ತದೆ. ಜಲದುರ್ಗ, ಹಂಚಿನಾಳ, ಯರಗೋಡಿ ಕಡೆಯವರು ಊರೂರು ಸುತ್ತು ಹಾಕಿ ಓಡಾಡಬೇಕು. ಬಾಣಂತಿಯಾದರೂ ಅಷ್ಟೇ, ಶಾಲೆ ಮಕ್ಕಳಾದರೂ ಅಷ್ಟೇ.

ಮೊನ್ನೆ ಇಂಗ್ಲೆಂಡಿನ ಒಂದು ಹಳೇ ಸೇತುವೆಯ ಬಗ್ಗೆ ಓದಿದೆ. ಶ್ರಾಪ್‌ಶೈರ್ ಎಂಬ ಹಳ್ಳಿಗಾಡಿನಲ್ಲಿ ಸೆವರ್ನ್ ನದಿಗೆ 1779ರಲ್ಲಿ ನಿಲ್ಲಿಸಿದ್ದು. ಎರಕದ ಕಬ್ಬಿಣದಲ್ಲಿ ಕಟ್ಟಿದ ಜಗತ್ತಿನ ಮೊದಲ ದೊಡ್ಡ ಸೇತುವೆ ಅದು. ಕಬ್ಬಿಣ ಜೋಡಿಸುವ ರೀತಿ ಆಗಿನವರಿಗೆ ಹೊಸದು, ಹಾಗಾಗಿ ನಮ್ಮ ಬಡಿಗ್ಯಾರು ಬಾಗಿಲ ಚೌಕಟ್ಟು ಕೂಡಿಸಿದಂಗೆ ತೂತು, ಗೂಟ, ಬೆಣೆ ಹಾಕಿ ಕೂಡಿಸಿದರಂತೆ! 1781ರ ಹೊಸ ವರ್ಷದ ದಿನ ಜನರಿಗೆ ಬಿಟ್ಟರು. ದಾಟುವವರು ಸುಂಕ ಕೊಡಬೇಕಿತ್ತು, ರಾಜಮನೆತನದವರಿಗೂ ಮಾಫಿ ಇರಲಿಲ್ಲ.

1795ರಲ್ಲಿ ಸೆವರ್ನ್‌ಗೆ ದೊಡ್ಡ ನೆರೆ ಬಂತು. ಆ ನದಿಯ ಎಷ್ಟೋ ಕಲ್ಲಿನ ಸೇತುವೆಗಳು ಕಿತ್ತುಹೋದವು. ಇದು ಅಲುಗಲಿಲ್ಲ. ಸುಮಾರು 30 ಮೀಟರ್ ಅಗಲದ ಒಂದೇ ಕಮಾನು, ನದಿ ನಡುವೆ ಕಂಬವೇ ಇಲ್ಲ. ನೀರು ತನ್ನ ಪಾಡಿಗೆ ಅಡಿಯಲ್ಲಿ ಹರಿದುಹೋಯಿತು. 1934ರಿಂದ ವಾಹನ ಬಿಡುತ್ತಿಲ್ಲ, ಆದರೆ ಜನ ಇವತ್ತಿಗೂ ಅದರ ಮೇಲೆ ನಡೆದಾಡುತ್ತಾರೆ.

ಓದಿ ಅವ್ವನಿಗೆ ಹೇಳಿದೆ. ಹುರಿಯೋದು ನಿಲ್ಲಿಸದೆ ಅಂದಳು: “ಕಬ್ಬಿಣದ್ದೇ ಆಗ್ಬೇಕಂತೇನಿಲ್ಲಪ್ಪ. ನಮ್ಮ ಬ್ರಿಜ್ ಒಂದೀಟು ಎತ್ತರ ಇದ್ದಿದ್ರೆ ಸಾಕಿತ್ತು.”

ಎಂಜಿನಿಯರು ಹೇಳುವ ಮಾತೂ ಇದೇ ಅಲ್ಲವೇ? ಹೊಳಿಗೆ ಎಷ್ಟು ದಾರಿ ಬೇಕೆಂದು ಮೊದಲು ಕೇಳಬೇಕು, ಆಮೇಲೆ ನಮ್ಮ ದಾರಿ ಹಾಕಬೇಕು.

ಹೋದ ವರ್ಷ ಅಕ್ಕ ಪಂಚಮಿಗೆ ಬರಲಿಲ್ಲ. ಉಂಡಿ ಡಬ್ಬಿ ಹೊಳಿ ಇಳಿಯೋತನಕ ಮಾಡದಲ್ಲೇ ಕೂತಿತ್ತು. ಈ ಸಲ ಅವ್ವ ಇನ್ನೂ ಫೋನ್ ಹಿಡಿದೇ ಕೂತಿದ್ದಾಳೆ. ನಿಮ್ಮೂರ ಹೊಳಿ ಹೆಂಗೈತಿ?